ದೀಪಕ್ಕೆ ಬರುವ ದೊಡ್ಡ ಕೀಟಗಳು: ಮಿತ್ರ ಯಾವುದು, ಶತ್ರು ಯಾವುದು?

ಮುಂಗಾರು ಹಿಂದೆ ಸರಿದು ಆಶ್ವಯುಜ, ಕಾರ್ತಿಕ ಮಾಸಗಳು ಬಂದಂತೆ ಹಳ್ಳಿಯ ಮನೆಗಳ ದೀಪಕ್ಕೆ ದೊಡ್ಡ ಕೀಟಗಳು ಬಂದು ಬಡಿಯುವುದು ಸಾಮಾನ್ಯ. ಮಳೆಗಾಲದ ಹಸಿರನ್ನು ಆಶ್ರಯಿಸಿ ಬೆಳೆದ ಅನೇಕ ಕೀಟಗಳು ಈ ವೇಳೆಗೆ ಪ್ರೌಢಾವಸ್ಥೆಗೆ ಬಂದಿರುತ್ತವೆ. ಇವುಗಳನ್ನು ಕಂಡು ಮಕ್ಕಳು ಹೆದರುತ್ತಾರೆ, ದೊಡ್ಡವರು ಪೊರಕೆ ಹಿಡಿಯುತ್ತಾರೆ. ಆದರೆ ಗಾತ್ರ ನೋಡಿ ಅಪಾಯವನ್ನು ಅಳೆಯಲಾಗದು. ಇಲ್ಲಿ ವಿವರಿಸಿರುವ ಮೂರು ಕೀಟಗಳಲ್ಲಿ ಯಾವುದರಿಂದಲೂ ಮನುಷ್ಯರಿಗೆ ವಿಷದ ಭಯವಿಲ್ಲ. ಬೆಳೆಯ ಮಟ್ಟಿಗೆ ಮಾತ್ರ ಒಂದೊಂದರ ಗುಣ ಒಂದೊಂದು ಬಗೆ.

ಸೂರ್ಯನ ಕುದುರೆ

ಉದ್ದ ಕತ್ತು, ತ್ರಿಕೋನಾಕಾರದ ತಲೆ, ಕೈಮುಗಿದಂತೆ ಮಡಿಸಿದ ಮುಂಗಾಲುಗಳಿಂದ ಇದನ್ನು ಗುರುತಿಸಬಹುದು. ಮುಂಗಾಲಿನ ಮುಳ್ಳುಗಳಿಂದ ಮಿಡತೆ, ಪತಂಗ ಮುಂತಾದವನ್ನು ಹಿಡಿದು ತಿನ್ನುತ್ತದೆ. ಇದನ್ನು ಕೊಲ್ಲದೆ ಹೊರಗೆ ಬಿಡಬೇಕು. ಗಿಡದ ಕಡ್ಡಿಗಳಿಗೆ ಅಂಟಿರುವ, ಒಣಗಿದ ನೊರೆಯಂತಹ ಕಂದು ಗೂಡು ಇದರ ಮೊಟ್ಟೆಚೀಲ, ಅದನ್ನೂ ಕೀಳಬಾರದು.

ತಲೆಬುರುಡೆ ಪತಂಗ

ಬೆನ್ನ ಮೇಲೆ ತಲೆಬುರುಡೆಯಂತಹ ಗುರುತು, ಹಳದಿ ಪಟ್ಟೆಗಳ ಹೊಟ್ಟೆ ಇದರ ಲಕ್ಷಣ. ಮುಟ್ಟಿದರೆ ಕೀಚುಗುಟ್ಟುತ್ತದೆ. ಇದು ಅಪಶಕುನವಲ್ಲ, ಕಚ್ಚುವುದೂ ಇಲ್ಲ. ಜೇನುಗೂಡಿಗೆ ನುಗ್ಗಿ ತುಪ್ಪ ಹೀರುವುದುಂಟು. ಇದರ ಮರಿಹುಳು ಎಳ್ಳಿನ ಎಲೆ ತಿನ್ನುತ್ತದೆ. ಬೆರಳುಗಾತ್ರದ, ಬಾಲದ ಬಳಿ ಕೊಂಬಿರುವ ಈ ಹುಳುಗಳನ್ನು ಕೈಯಿಂದಲೇ ಆರಿಸಿ ನಾಶಪಡಿಸಬಹುದು. ಕೊಯ್ಲಿನ ನಂತರ ಆಳವಾಗಿ ಉತ್ತರೆ ಮಣ್ಣಿನಲ್ಲಿರುವ ಕೋಶಗಳು ಹಕ್ಕಿಗಳಿಗೆ ಆಹಾರವಾಗುತ್ತವೆ.

ರೈನಾಸರಸ್ ದುಂಬಿ

ಸುಮಾರು 4ರಿಂದ 5 ಸೆಂ.ಮೀ. ಉದ್ದದ, ತಲೆಯ ಮೇಲೆ ಕೊಂಬುಳ್ಳ ಈ ಕಪ್ಪು ದುಂಬಿಯೇ ಹೆಚ್ಚು ಗಮನಿಸಬೇಕಾದದ್ದು. ಇದು ತೆಂಗಿನ ಸುಳಿಯನ್ನು ಕೊರೆಯುತ್ತದೆ. ಗರಿ ಬಿಚ್ಚಿದಾಗ ಕತ್ತರಿಯಿಂದ ಕತ್ತರಿಸಿದಂತೆ ಕಾಣುತ್ತದೆ. ಎಳೆಯ ಸಸಿಯ ಮೊಳಕೆಭಾಗಕ್ಕೆ ಪೆಟ್ಟಾದರೆ ಸಸಿಯೇ ಸಾಯಬಹುದು. ಗಾಯದ ಮೂಲಕ ಕೆಂಪು ಮೂತಿ ಹುಳುವೂ ಸೇರಿಕೊಳ್ಳುತ್ತದೆ.

ದುಂಬಿ ಹುಟ್ಟುವುದು ಮರದಲ್ಲಲ್ಲ, ಮನೆಯ ಹಿಂದಿನ ತಿಪ್ಪೆಯಲ್ಲಿ ಮತ್ತು ಕೊಳೆತ ತೆಂಗಿನ ಕಾಂಡದಲ್ಲಿ. ಆದ್ದರಿಂದ ಹತೋಟಿಯೂ ಅಲ್ಲಿಂದಲೇ ಆರಂಭವಾಗಬೇಕು:

1. ತಿಪ್ಪೆಯನ್ನು ಆಗಾಗ್ಗೆ ಮಗುಚಿ, ಬಿಲ್ಲಿನಂತೆ ಬಾಗಿದ ದಪ್ಪ ಬಿಳಿ ಹುಳುಗಳನ್ನು ಆರಿಸಿ ಕೊಲ್ಲಬೇಕು.

2. ಸತ್ತ ತೆಂಗಿನ ಮರಗಳನ್ನು ತೋಟದಲ್ಲಿ ಕೊಳೆಯಲು ಬಿಡಬಾರದು.

3. ತಿಪ್ಪೆಗೆ ಮೆಟಾರೈಜಿಯಂ ಶಿಲೀಂಧ್ರವನ್ನು ಬೆರೆಸಿದರೆ ಹುಳುಗಳು ರೋಗ ತಗುಲಿ ಸಾಯುತ್ತವೆ.

4. ಸುಳಿಯೊಳಗಿನ ದುಂಬಿಯನ್ನು ಕಬ್ಬಿಣದ ಕೊಕ್ಕೆಯಿಂದ ಹೊರಗೆಳೆಯಬೇಕು.

5. ಪ್ರತಿ ಮರಕ್ಕೆ 250 ಗ್ರಾಂ ಬೇವಿನ ಹಿಂಡಿಯ ಪುಡಿಯನ್ನು ಅಷ್ಟೇ ಮರಳಿನೊಂದಿಗೆ ಬೆರೆಸಿ, ಸುಳಿಗೆ ಹತ್ತಿರದ ಮೂರು ಗರಿಗಳ ಬುಡದ ಸಂದಿಗೆ ತುಂಬಬೇಕು. ಇದನ್ನು ವರ್ಷಕ್ಕೆ ಮೂರು ಬಾರಿ ಮಾಡುವುದು ಒಳ್ಳೆಯದು.

ದೀಪದ ಬಳಿ ಬಿದ್ದ ಒಂದು ದುಂಬಿಯನ್ನು ಕೊಂದ ಮಾತ್ರಕ್ಕೆ ತೋಟ ಉಳಿಯದು. ರಾತ್ರಿ ಕೊಂಬಿನ ದುಂಬಿ ಕಂಡರೆ ಮರುದಿನ ಬೆಳಿಗ್ಗೆ ತಿಪ್ಪೆಯನ್ನೂ ಎಳೆಯ ಸಸಿಗಳ ಸುಳಿಯನ್ನೂ ಪರೀಕ್ಷಿಸುವುದು ಜಾಣತನ. ಅಕ್ಕಪಕ್ಕದ ರೈತರೂ ಒಟ್ಟಾಗಿ ಈ ಕ್ರಮಗಳನ್ನು ಕೈಗೊಂಡಲ್ಲಿ ಫಲ ಹೆಚ್ಚು.