ಮರೀನಾದ ನೇರಕ್ಕೆ, ಸಮುದ್ರದಾಚೆ ಒಂದು ಹಕ್ಕಿಯ ಮನೆ



ಬೆಳಿಗ್ಗೆ ಎದ್ದು ಮರೀನಾ ಬೀಚಿಗೆ ವಾಕಿಂಗ್ ಹೋಗುವ ಮೈಲಾಪೂರಿನ ಕನ್ನಡಿಗರು ನಮ್ಮಲ್ಲಿ ಬಹಳ ಮಂದಿ ಇದ್ದೀರಿ. ನಾಳೆ ಹೋದಾಗ ಒಂದು ನಿಮಿಷ ಸಮುದ್ರಕ್ಕೆ ಮುಖ ಮಾಡಿ ನಿಲ್ಲಿ. ನೀವು ನಿಂತ ಜಾಗ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಹೆಚ್ಚುಕಡಿಮೆ ಅದೇ ಗೆರೆಯ ಮೇಲೆ ನಿಮ್ಮ ಬೆನ್ನ ಹಿಂದೆ ಬೆಂಗಳೂರು, ಇನ್ನೂ ಆಚೆ ಮಲ್ಪೆಯ ಸೇಂಟ್ ಮೇರೀಸ್ ದ್ವೀಪಗಳಿವೆ. ಎದುರಿಗೆ, ನೇರ ಪೂರ್ವಕ್ಕೆ ಸುಮಾರು 1,500 ಕಿ.ಮೀ. ದೂರದಲ್ಲಿ ಅಂಡಮಾನಿನ ನಾರ್ಕೊಂಡಂ ದ್ವೀಪವಿದೆ. ಇವೆರಡೂ ಜ್ವಾಲಾಮುಖಿಯಿಂದ ಹುಟ್ಟಿದ ನೆಲ. ಎರಡರಲ್ಲೂ ಊರಿಲ್ಲ, ಸಂಸಾರಗಳಿಲ್ಲ.

ಸೇಂಟ್ ಮೇರೀಸ್ ನಿಮ್ಮಲ್ಲಿ ಅನೇಕರಿಗೆ ಗೊತ್ತು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ, ಉಕ್ಕಿದ ಲಾವಾ ತಣ್ಣಗಾಗಿ ಕಂಬಗಳ ಹಾಗೆ ನಿಂತಿದೆ. ಅಲ್ಲಿ ನೋಡಬೇಕಾದ್ದು ಕಲ್ಲು. ನಾರ್ಕೊಂಡಂನಲ್ಲಿ ನೋಡಬೇಕಾದ್ದು ಒಂದು ಹಕ್ಕಿ.

ಎಲ್ಲೂ ಇಲ್ಲದ ಮಂಗಟ್ಟೆ

ದಾಂಡೇಲಿ ಕಡೆಯವರಿಗೆ ಮಂಗಟ್ಟೆ ಹಕ್ಕಿಯ ಪರಿಚಯ ಇದ್ದೇ ಇರುತ್ತದೆ. ದಪ್ಪ ಕೊಕ್ಕು, ಹಾರುವಾಗ ರೆಕ್ಕೆಯ ಜೋರು ಸದ್ದು. ಅದೇ ವಂಶದ ಒಂದು ಜಾತಿ, ನಾರ್ಕೊಂಡಂ ಮಂಗಟ್ಟೆ, ಇಡೀ ಜಗತ್ತಿನಲ್ಲಿ ಈ ಒಂದೇ ದ್ವೀಪದಲ್ಲಿದೆ. ದ್ವೀಪದ ವಿಸ್ತೀರ್ಣ ಸುಮಾರು 6.8 ಚದರ ಕಿ.ಮೀ. ಮಾತ್ರ. ನೀವು ಲೈಟ್‌ಹೌಸಿನಿಂದ ನೇಪಿಯರ್ ಸೇತುವೆಯವರೆಗೆ ನಡೆದು ವಾಪಸ್ ಬಂದರೆ ಆ ದ್ವೀಪದ ಉದ್ದಕ್ಕಿಂತ ಹೆಚ್ಚು ನಡೆದಂತಾಯಿತು!

ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಶನ್ನಿನ ಸಂಶೋಧಕರು 2019-20ರಲ್ಲಿ ಅಲ್ಲಿ ತಂಗಿ ಲೆಕ್ಕ ಹಾಕಿದಾಗ ಸುಮಾರು ಸಾವಿರ ಹಕ್ಕಿಗಳಿವೆ ಎಂಬ ಅಂದಾಜು ಸಿಕ್ಕಿತು. ಅಂದರೆ ಚದರ ಕಿಲೋಮೀಟರಿಗೆ ನೂರೈವತ್ತರಷ್ಟು. ಮಂಗಟ್ಟೆಗಳು ಇಷ್ಟು ಒತ್ತಾಗಿ ಇರುವ ಜಾಗ ಲೋಕದಲ್ಲೇ ಅಪರೂಪ. ಕಾರಣ ಸರಳ: ಆಲ, ಅತ್ತಿಯ ಜಾತಿಯ ಮರಗಳು ಅಲ್ಲಿ ಧಾರಾಳ, ಹಣ್ಣಿಗೆ ಪೈಪೋಟಿ ಕಡಿಮೆ. ಹಕ್ಕಿ ಹಣ್ಣು ತಿಂದು ಬೀಜ ಉದುರಿಸುತ್ತದೆ, ಬೀಜದಿಂದ ಮತ್ತೆ ಕಾಡು ಬೆಳೆಯುತ್ತದೆ.

ನಾಲ್ಕು ಆಡುಗಳು ಸಾಕು

ಜನವೇ ಇಲ್ಲದ ಮೇಲೆ ಅಪಾಯ ಎಲ್ಲಿಂದ ಎಂದು ಕೇಳುತ್ತೀರಾ? 1960ರ ದಶಕದ ಕೊನೆಯಲ್ಲಿ ಅಲ್ಲಿ ಒಂದು ಪೊಲೀಸ್ ಠಾಣೆ ಬಂತು. ಸಿಬ್ಬಂದಿಯ ಊಟಕ್ಕೆಂದು 1970ರ ದಶಕದಲ್ಲಿ ಕೆಲವೇ ಕೆಲವು ಆಡುಗಳನ್ನು ಇಳಿಸಿದರು. ಹಿಡಿಯುವ ಚಿರತೆಯಿಲ್ಲ, ತೋಳವಿಲ್ಲ. ಆಡುಗಳು ನೂರಾರಾದವು. ಎದ್ದ ಸಸಿಯನ್ನೆಲ್ಲ ಮೇಯ್ದವು. ದೊಡ್ಡ ಮರಗಳು ನಿಂತೇ ಇದ್ದುದರಿಂದ ನೋಡುವವರಿಗೆ ಕಾಡು ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ಆ ಮರಗಳು ಬಿದ್ದ ಮೇಲೆ ಅವುಗಳ ಜಾಗಕ್ಕೆ ಬರಲು ಎಳೆಮರಗಳೇ ಇರಲಿಲ್ಲ. ಕೊನೆಗೆ ಆಡುಗಳನ್ನು ದ್ವೀಪದಿಂದ ತೆಗೆಯಬೇಕಾಯಿತು.

ಮಂಗಟ್ಟೆಗೆ ದೊಡ್ಡ ಮರವೇ ಬೇಕು. ಹೆಣ್ಣು ಹಕ್ಕಿ ಮರದ ಪೊಟರೆಯೊಳಗೆ ಸೇರಿ, ಬಾಯಿಯನ್ನು ಮೆತ್ತಿ ಮುಚ್ಚಿಕೊಂಡು ಮೊಟ್ಟೆಯಿಡುತ್ತದೆ. ಕೊಕ್ಕು ಹಿಡಿಸುವಷ್ಟು ಸಂದಿ ಮಾತ್ರ ಉಳಿದಿರುತ್ತದೆ. ಗಂಡು ಆ ಸಂದಿಯಿಂದ ಹಣ್ಣು ಕೊಡುತ್ತದೆ. ಆ ಸಮಯದಲ್ಲಿ ಗಂಡು ಸತ್ತರೆ ಒಳಗಿರುವ ಇಡೀ ಸಂಸಾರಕ್ಕೇ ಸಂಚಕಾರ.

ರಾಡಾರ್ ಪ್ರಶ್ನೆ

ನಾರ್ಕೊಂಡಂ 1977ರಿಂದ ವನ್ಯಜೀವಿಧಾಮ. ಕರಾವಳಿ ಕಾವಲು ಪಡೆ ಅಲ್ಲಿ ರಾಡಾರ್ ಕೇಂದ್ರ ಕಟ್ಟಲು ಕೇಳಿದಾಗ, ತಮಿಳುನಾಡಿನವರೇ ಆದ ಅಂದಿನ ಪರಿಸರ ಸಚಿವೆ ಜಯಂತಿ ನಟರಾಜನ್ 2012ರಲ್ಲಿ ಒಪ್ಪಲಿಲ್ಲ. 2014ರಲ್ಲಿ ಹೊಸ ಸರ್ಕಾರ ಒಪ್ಪಿಗೆ ನೀಡಿತು. ಮ್ಯಾನ್ಮಾರಿಗೆ ಹತ್ತಿರವಿರುವ ಸಮುದ್ರಗಡಿ, ದೇಶದ ಭದ್ರತೆಯ ಮಾತು ಸಣ್ಣದಲ್ಲ. ಆದರೆ ರಸ್ತೆ, ಡೀಸೆಲ್ ಜನರೇಟರ್, ಹೋಗಿಬರುವ ಜನ ಇವೆಲ್ಲ ಬೇರೆ ಕಾಡಿಗೆ ಬಂದರೆ ಹಕ್ಕಿ ಪಕ್ಕದ ಕಾಡಿಗೆ ಹಾರೀತು. ಇಲ್ಲಿ ಪಕ್ಕದ ಕಾಡೇ ಇಲ್ಲ. ಸಾವಿರ ಎಂಬ ಸಂಖ್ಯೆ ಕೇಳಿ ನೆಮ್ಮದಿಯಿಂದ ಕೂರಲಾಗದಿರುವುದು ಇದಕ್ಕೇ. ಒಂದು ದೊಡ್ಡ ಚಂಡಮಾರುತ, ಒಂದು ರೋಗ, ದೋಣಿಯಲ್ಲಿ ಬಂದಿಳಿದ ಒಂದು ಜೋಡಿ ಬೆಕ್ಕು, ಯಾವುದಾದರೂ ಸಾಕು.

ನಾವು ಯಾರೂ ನಾರ್ಕೊಂಡಂಗೆ ಹೋಗುವವರಲ್ಲ, ಹೋಗದಿರುವುದೇ ಆ ಹಕ್ಕಿಗೆ ಕ್ಷೇಮ. ಆದರೆ ಬೇಸಿಗೆ ರಜಕ್ಕೆ ಊರಿಗೆ ಹೋದಾಗ ಮಲ್ಪೆಯಿಂದ ದೋಣಿ ಹತ್ತುವವರು ಬೇಕಾದಷ್ಟು ಮಂದಿ. ಅಲ್ಲಿಂದ ಕಲ್ಲು, ಚಿಪ್ಪು ಆರಿಸಿ ತರಬೇಡಿ. ತಿಂಡಿಯ ಪೊಟ್ಟಣ, ನೀರಿನ ಬಾಟಲಿ ನಿಮ್ಮ ಜೊತೆಗೇ ವಾಪಸ್ ಬರಲಿ. ಮಕ್ಕಳು ಏಕೆ ಎಂದು ಕೇಳಿದರೆ ನಾಲ್ಕು ಆಡುಗಳ ಕಥೆ ಹೇಳಿ.