ಉಬ್ಬು ಕಂಡಿತು, ಕಣ ಸಿಕ್ಕಿತೇ?

ಮೊದಲು ಮೂಲ ಸಂಗತಿಗಳನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಶಕ್ತಿ ದ್ರವ್ಯರಾಶಿಯಾಗಬಲ್ಲದು. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ, ನೆಲದಡಿಯ 27 ಕಿ.ಮೀ. ಸುತ್ತಳತೆಯ ಉಂಗುರದಲ್ಲಿ ಪ್ರೋಟಾನುಗಳನ್ನು ಎದುರುಬದುರು ಓಡಿಸಿ ಡಿಕ್ಕಿ ಹೊಡೆಸಿದಾಗ, ಪ್ರೋಟಾನಿಗಿಂತ ನೂರಾರು ಪಟ್ಟು ಭಾರದ ಕಣವೂ ಹುಟ್ಟಬಹುದು. ಅದು ಹುಟ್ಟಿದ ಗಳಿಗೆಯಲ್ಲೇ ಅಳಿಯುತ್ತದೆ. ನಮಗೆ ಸಿಗುವುದು ಅದರ ಮರಿಕಣಗಳು. ಮರಿಗಳು ಎರಡು ಬೆಳಕಿನ ಕಣಗಳಾಗಿದ್ದರೆ, ಅವುಗಳ ಶಕ್ತಿಯನ್ನೂ ನಡುವಿನ ಕೋನವನ್ನೂ ಅಳೆದು ತಾಯಿಕಣದ ತೂಕ ಲೆಕ್ಕಹಾಕಬಹುದು.

ಇಂಥ ಲೆಕ್ಕಗಳನ್ನು ನಕ್ಷೆಯಲ್ಲಿ ಪೇರಿಸಿದರೆ ಒಂದು ಇಳಿಜಾರು ಮೂಡುತ್ತದೆ. ಅದು ಹಿನ್ನೆಲೆ, ಹಳೆಯ ಕಣಗಳ ಕೆಲಸ. ಇಳಿಜಾರಿನ ನಡುವೆ ಉಬ್ಬು ಎದ್ದರೆ ಅಲ್ಲಿ ಹೊಸ ಕಣವಿರಬಹುದು. 2012ರ ಜುಲೈ 4ರಂದು ಸಾರಿದ ಹಿಗ್ಸ್ ಕಣ ಹೀಗೆಯೇ 125 ಜಿಇವಿ ಬಳಿ ಕಾಣಿಸಿತು. ಈ ಅಳತೆಯಲ್ಲಿ ಪ್ರೋಟಾನಿನ ತೂಕ ಸುಮಾರು 1 ಜಿಇವಿ.

ಎಲ್ಲರೂ ಎಡವುವುದು ಮುಂದಿನ ಮೆಟ್ಟಿಲಲ್ಲಿ: ಉಬ್ಬು ಕಂಡರೆ ಕಣ ಸಿಕ್ಕಂತೆ ಎಂದುಕೊಳ್ಳುತ್ತಾರೆ. ಬಾಗಲಕೋಟೆ, ಬಾದಾಮಿ, ಹುನಗುಂದದ ವಿದ್ಯಾರ್ಥಿಗಳಿಗೆ ನಾನು ಇಳಕಲ್ಲಿನ ಕೆಂಪು ಗ್ರಾನೈಟ್ ತೋರಿಸುತ್ತೇನೆ. ಪಾಲಿಶ್ ಆದ ಸಾವಿರ ಸ್ಲ್ಯಾಬು ನೋಡಿ, ಒಂದರಲ್ಲಿ ಚುಕ್ಕಿಗಳು ಕೂಡಿಕೊಂಡು ಗಣಪನ ಸೊಂಡಿಲಿನಂತೆ ಕಂಡೇ ಕಾಣುತ್ತವೆ. ಅದರಲ್ಲಿ ಅಚ್ಚರಿಯಿಲ್ಲ, ನೀವು ಹುಡುಕಿದ ಜಾಗಗಳೇ ಅಷ್ಟೊಂದು. “ನಾಳೆಯ ಮೂರನೆಯ ಸ್ಲ್ಯಾಬಿನ ಎಡಮೂಲೆಯಲ್ಲಿ ಸೊಂಡಿಲು” ಎಂದು ಮೊದಲೇ ಬರೆದಿಟ್ಟು, ಅಲ್ಲೇ ಕಂಡರೆ ಆಗ ಬೆರಗಾಗಿ!

ಹಿನ್ನೆಲೆ ತಾನಾಗಿ ಎಷ್ಟು ಏರಿಳಿಯುತ್ತದೆ ಎಂಬುದರ ಅಳತೆಗೋಲು ಸಿಗ್ಮಾ. 2015ರ ಡಿಸೆಂಬರಿನಲ್ಲಿ ಸರ್ನ್‌ನ ಅಟ್ಲಾಸ್, ಸಿಎಂಎಸ್ ಎರಡೂ ತಂಡಗಳ ನಕ್ಷೆಯಲ್ಲಿ 750 ಜಿಇವಿ ಬಳಿ ಉಬ್ಬು ಕಂಡಿತು. ಅಟ್ಲಾಸ್ ಪ್ರಕಟಿಸಿದ ಪ್ರಬಂಧದಲ್ಲಿ ಆ ಒಂದು ಜಾಗಕ್ಕೆ ಅದು 3.9 ಸಿಗ್ಮಾ. ಹುಡುಕಿದ ಎಲ್ಲ ಜಾಗಗಳನ್ನೂ ಲೆಕ್ಕಕ್ಕೆ ತಂದರೆ ಬರೀ 2.1. ನೂರಾರು ಸಿದ್ಧಾಂತ ಪ್ರಬಂಧಗಳು ಬಂದವು. 2016ರ ಆಗಸ್ಟಿನಲ್ಲಿ ಹೆಚ್ಚಿನ ದತ್ತಾಂಶ ಬಂದಾಗ ಉಬ್ಬು ಕರಗಿಹೋಯಿತು.

ಅದಕ್ಕೇ ಹೊಸ ಕಣ ಸಿಕ್ಕಿತೆಂದು ಸಾರಲು ಇಲ್ಲಿ 5 ಸಿಗ್ಮಾದ ಪಟ್ಟು. ಬರೀ ಹಿನ್ನೆಲೆಯೇ ಅಷ್ಟು ಎತ್ತರಕ್ಕೆ ಜಿಗಿಯುವುದು ಸುಮಾರು 35 ಲಕ್ಷಕ್ಕೊಮ್ಮೆ. ಇದನ್ನು “ಕಣ ಇಲ್ಲದಿರುವ ಸಾಧ್ಯತೆ” ಎಂದು ಓದಬೇಡಿ. ಕಣ ಇಲ್ಲವೆಂದೇ ಇಟ್ಟುಕೊಂಡು ಮಾಡಿದ ಲೆಕ್ಕ ಇದು.

ನಮ್ಮ ನಾಡಿಗೂ ಈ ಪಾಠ ಹಳೆಯದು. ಕೋಲಾರ ಚಿನ್ನದ ಗಣಿಯ ಸುಮಾರು 2.3 ಕಿ.ಮೀ. ಆಳದಲ್ಲಿ 1965ರಲ್ಲಿ ವಾತಾವರಣದ ನ್ಯೂಟ್ರಿನೊಗಳ ಗುರುತು ಸಿಕ್ಕಿತು; ಅದು ಉಳಿಯಿತು. ಅದೇ ಗಣಿಯ ಕೆಲವೇ ವಿಚಿತ್ರ ಜಾಡುಗಳು ಹೊಸ ಭಾರದ ಕಣದ್ದಿರಬಹುದೆಂದು 1975ರಲ್ಲಿ ವರದಿಯಾಯಿತು. ‘ಕೋಲಾರ ಘಟನೆಗಳು’ ಎಂದೇ ಜಗತ್ತು ಕರೆದ ಅವುಗಳನ್ನು ಹೊರಗಿನ ವೇಗವರ್ಧಕಗಳಲ್ಲಿ ಹುಡುಕಿದರು, ದೃಢಪಡಲಿಲ್ಲ. ಕಂಡದ್ದನ್ನು ಮುಚ್ಚಿಡದೆ ಪರೀಕ್ಷೆಗೆ ಒಡ್ಡಿದ್ದು ದೊಡ್ಡ ಕೆಲಸವೇ.

ಇಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಸಿಎಂಎಸ್‌ನಲ್ಲಿದ್ದಾರೆ. ಆ ತಂಡದ ದತ್ತಾಂಶದ ಭಾಗಗಳು 2014ರಿಂದ ಅಂತರ್ಜಾಲದಲ್ಲಿ ಉಚಿತ. ಬಾದಾಮಿಯ ವಿದ್ಯಾರ್ಥಿನಿಯೂ ಇಳಿಸಿಕೊಂಡು, ಮ್ಯೂವಾನ್ ಎಂಬ ಕಣಗಳ ಜೋಡಿಗಳ ನಕ್ಷೆ ಬರೆದು, 91 ಜಿಇವಿಯಲ್ಲಿ ಏಳುವ ಝಡ್ ಕಣದ ಉಬ್ಬನ್ನು ಕಣ್ಣಾರೆ ನೋಡಬಹುದು. ಭೌತಶಾಸ್ತ್ರದ ಜೊತೆ ಸಂಖ್ಯಾಶಾಸ್ತ್ರವನ್ನೂ ದಯವಿಟ್ಟು ಪ್ರೀತಿಯಿಂದ ಓದಿ. ನಿಜವಾದ ಉಬ್ಬನ್ನೂ ಗ್ರಾನೈಟಿನ ಗಣಪನನ್ನೂ ಬೇರ್ಪಡಿಸಿ ತೋರಿಸುವುದು ಅದೇ.