ಬಿಚ್ಚಿದಷ್ಟೂ ಹಗುರ: ಕುರುಗೋಡಿನ ಸೈಕಲ್ ಶಾಪಿನಲ್ಲಿ

ಬಳ್ಳಾರಿ ಬಿಟ್ಟು ಮೂವತ್ತು ಕಿ.ಮೀ. ಆಗುವುದರೊಳಗೆ ಕುರುಗೋಡು ಬರುತ್ತದೆ. ದಾರಿಯುದ್ದಕ್ಕೂ ಎರೆಭೂಮಿ, ಮೆಣಸಿನಕಾಯಿ, ಕಾಲುವೆ ನೀರುಂಡ ಭತ್ತ. ಬಂಡೆಗುಡ್ಡಗಳು ಎದುರಾದವೆಂದರೆ ಊರು ಬಂತೆಂದೇ ಲೆಕ್ಕ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಸಿಂದರು ಆಳಿದ ಊರಿದು. ಗುಡ್ಡದ ತಪ್ಪಲಲ್ಲಿ ಹಳೆಯ ಗುಡಿಗಳಿವೆ. ಏಕಶಿಲೆಯ ದೊಡ್ಡಬಸವೇಶ್ವರನಿಗೆ ಕೈಮುಗಿದು ನಾನು ಹುಡುಕಿ ಹೊರಟಿದ್ದು ಮಾತ್ರ ಸೈಕಲ್ ಶಾಪನ್ನು.

ಅಂಗಡಿಯಲ್ಲಿ ಹೊಸ ಸೈಕಲ್‌ಗಳಿಗಿಂತ ಬಿಚ್ಚಿಟ್ಟವೇ ಹೆಚ್ಚು. ಸರ್ಕಾರ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಕೊಡುತ್ತಿದ್ದ ಸೈಕಲ್ ಯೋಜನೆ ಕೋವಿಡ್ ಕಾಲಕ್ಕೆ ನಿಂತರೂ ಆ ಸೈಕಲ್‌ಗಳ ರಿಪೇರಿ ನಿಂತಿಲ್ಲ. ಪಕ್ಕದಲ್ಲೇ ಅಪ್ಪಂದಿರ ಕಾಲದ 28 ಇಂಚಿನ ಕರಿ ಸೈಕಲ್. ತೂಕ ಇಪ್ಪತ್ತು ಕೆ.ಜಿ. ಆಸುಪಾಸು. ಇದನ್ನು ಕಡಿಮೆ ಖರ್ಚಿನಲ್ಲಿ ಹಗುರ ಮಾಡುವುದು ಹೇಗೆಂದು ಕೇಳಿದೆ.

"ಹೊಸಾದು ಯಾಕ ಹಾಕಸ್ತೀರಿ? ಇರೋದನ್ನ ಬಿಚ್ರಿ" ಎಂದು ಮೇಸ್ತ್ರಿ ಪಾನಾ ಹಿಡಿದೇಬಿಟ್ಟರು. ಜೋಡಿ ಕಾಲಿನ ಸ್ಟ್ಯಾಂಡು, ಪೂರ್ತಿ ಚೈನ್ ಕವರ್, ಉರಿಯದ ಡೈನಮೊ, ಮುಂದಿನ ಬುಟ್ಟಿ ಒಂದೊಂದಾಗಿ ಗೋಣಿತಟ್ಟಿನ ಮೇಲೆ ಬಿದ್ದವು. ತಟ್ಟನ್ನು ಕಟ್ಟಿ ಎತ್ತಿದರೆ ಕೈ ಜಗ್ಗುವಷ್ಟು ಭಾರ, ಮೂರು ಕೆ.ಜಿ.ಯಾದರೂ ಇದ್ದೀತು. ಖರ್ಚು? ಮೇಸ್ತ್ರಿಯ ಕೂಲಿಯಷ್ಟೇ.

ಮುಂದಿನ ಹೆಜ್ಜೆಯಿಂದ ದುಡ್ಡಿನ ಮಾತು. ಅಲ್ಯೂಮಿನಿಯಂ ಉಕ್ಕಿನ ಮೂರನೇ ಒಂದು ಪಾಲಷ್ಟೇ ಸಾಂದ್ರ. ರಿಮ್ಮು ಬದಲಿಸಿದರೆ ತಿರುಗುವ ಭಾರವೇ ಇಳಿಯುತ್ತದೆ, ಮಳೆಯಲ್ಲಿ ಬ್ರೇಕೂ ಚೆನ್ನಾಗಿ ಹಿಡಿಯುತ್ತದೆ. ಆದರೆ ಕರಿ ಸೈಕಲ್ಲಿನ ರಾಡ್ ಬ್ರೇಕು ಒತ್ತುವುದು ರಿಮ್ಮಿನ ಒಳಮೈಗೆ. ಅಲ್ಯೂಮಿನಿಯಂ ರಿಮ್ಮು ಬಯಸುವುದು ಪಕ್ಕದಿಂದ ಹಿಡಿಯುವ ಬ್ರೇಕು. ರಿಮ್ಮಿನ ಹಿಂದೆ ಬ್ರೇಕು, ಬ್ರೇಕಿನ ಹಿಂದೆ ಕೇಬಲ್ಲು ಎಂದು ಬಿಲ್ಲು ಬೆಳೆಯುತ್ತದೆ.

ತೆಳು ಟೈರು ಹಾಕೋಣವೆಂದರೆ ಬಳ್ಳಾರಿ ಜಾಲಿ ಬಿಡಬೇಕಲ್ಲ! ಅಮೆರಿಕ ಖಂಡದಿಂದ ಬಂದು ಇಲ್ಲಿನದೇ ಆಗಿಹೋದ ಈ ಗಿಡದ ಮುಳ್ಳು ಕಾಲುವೆ ದಂಡೆಯಲ್ಲೂ ಹೊಲದ ದಾರಿಯಲ್ಲೂ ಕಾದಿರುತ್ತದೆ. ಬಕೆಟ್ ನೀರಲ್ಲಿ ಟ್ಯೂಬು ಮುಳುಗಿಸಿ ಮೇಸ್ತ್ರಿ ತೋರಿಸಿದರು: ಗೇಣಗಲದೊಳಗೆ ಮೂರು ಕಡೆ ಗುಳ್ಳೆ.

ಇಷ್ಟೆಲ್ಲ ಮಾಡಿ ದಕ್ಕುವುದೆಷ್ಟು? ಅರವತ್ತು ಕೆ.ಜಿ. ಸವಾರ, ಇಪ್ಪತ್ತು ಕೆ.ಜಿ. ಸೈಕಲ್; ಎಂಬತ್ತರಲ್ಲಿ ಮೂರು ಹೋದರೆ ನೂರಕ್ಕೆ ನಾಲ್ಕೂ ಇಲ್ಲ. ಏರು ಹತ್ತುವಾಗ, ಮೆಟ್ಟಿಲ ಮೇಲೆ ಎತ್ತಿಕೊಂಡು ಹೋಗುವಾಗ ಅದು ಗೊತ್ತಾಗುತ್ತದೆ. ಸಪಾಟು ರಸ್ತೆಯಲ್ಲಿ ತುಳಿತವನ್ನು ಭಾರ ಮಾಡುವುದು ಎದುರುಗಾಳಿ, ಮೆತ್ತಗಾದ ಟೈರು, ಒಣಗಿದ ಚೈನು. ಜಾಗತಿಕ ಸೈಕ್ಲಿಂಗ್ ಒಕ್ಕೂಟ 2000ದಿಂದ ರೇಸ್ ಸೈಕಲ್ 6.8 ಕೆ.ಜಿ.ಗಿಂತ ಹಗುರ ಇರಕೂಡದೆಂದು ಮಿತಿ ಹಾಕಿದೆ. ಆ ಮಿತಿ ಮುರಿಯುವ ಭಯ ಕುರುಗೋಡಿನಲ್ಲಿ ಯಾರಿಗೂ ಇಲ್ಲ.

ಆದ್ದರಿಂದ ಕೈಲಿರುವ ಕಾಸನ್ನು ಮೊದಲು ಓವರ್‌ಹಾಲಿಂಗ್‌ಗೆ ಹಾಕಿ: ಬಾಲ್ಸ್ ಬದಲಿಸಿ ಹೊಸ ಗ್ರೀಸು, ಚೈನಿಗೆ ಎಣ್ಣೆ, ಚಕ್ರದ ಬೆಂಡು ತೆಗೆಸುವುದು, ಗಟ್ಟಿ ಗಾಳಿ. ಉಳಿದರೆ ರಿಮ್ಮಿನ ಯೋಚನೆ. ಬೆಲ್ಲು, ಬ್ರೇಕಿನ ತಂಟೆಗೆ ಹೋಗಬೇಡಿ. ಕ್ಯಾರಿಯರ್ ತೆಗೆಯಲೋ ಬೇಡವೋ ಎಂಬುದಕ್ಕೆ ಅಂಗಡಿಗೆ ಬಂದ ಹಾಲಿನವರೇ ಉತ್ತರ ಕೊಟ್ಟರು: "ಅದನ್ನ ಬಿಚ್ಚಿದ್ರ ಕ್ಯಾನ್ ನೀವ್ ಹೊರತೀರೇನ್ರೀ?"